ವಿಹಾರ ದೋಣಿಗೆ ಇಂಧನ: ತೆರಿಗೆಯ ಲೆಕ್ಕ, ಡೀಸೆಲ್‌ನ ಆಯ್ಕೆ

ಕಬಿನಿ ಅಥವಾ ಕೃಷ್ಣರಾಜಸಾಗರದ ಹಿನ್ನೀರಿಗೆ ಸ್ವಂತ ಯಂತ್ರದೋಣಿ ಇಳಿಸಲು ಹೊರಡುವ ಮೈಸೂರಿನ ಮಾಲೀಕರು, ವಿಹಾರ ದೋಣಿಗೆಂದು ಬೇರೆ ದರದ ಇಂಧನ ಇಲ್ಲಿ ಸಿಗುವುದಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಂಡೇ ಖರ್ಚಿನ ಲೆಕ್ಕ ಹಾಕಬೇಕಾಗುತ್ತದೆ. ಲಾರಿಗೆ ತುಂಬಿಸುವ ಅದೇ ಬಂಕಿನ ಅದೇ ಡೀಸೆಲ್ಲೇ ದೋಣಿಗೂ ಗತಿ.

ಇಂಧನಕ್ಕಿಂತ ಮೊದಲು ಕಾಗದಪತ್ರಗಳು ಸಿದ್ಧವಾಗಬೇಕು. 1917ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯು ಯಂತ್ರಚಾಲಿತ ದೋಣಿಗಳಿಗೆ ನೋಂದಣಿ, ಸರ್ವೆ ಎಂದರೆ ಸುಸ್ಥಿತಿಯ ತಪಾಸಣೆ, ಹಾಗೂ ವಿಮೆಯ ನಿಯಮಗಳನ್ನು ವಿಧಿಸಿದ್ದು, ರಾಜ್ಯದಲ್ಲಿ ಈ ವಿಷಯಕ್ಕೆ ಕರ್ನಾಟಕ ಜಲಸಾರಿಗೆ ಮಂಡಳಿಯನ್ನು ಸಂಪರ್ಕಿಸಬೇಕು. ಜಲಾಶಯಗಳು ಕಾವೇರಿ ನೀರಾವರಿ ನಿಗಮದ ಅಧೀನದಲ್ಲಿರುವುದರಿಂದ ಅದರ ಅನುಮತಿಯೂ, ನಾಗರಹೊಳೆ ಮತ್ತು ಬಂಡೀಪುರಕ್ಕೆ ಹೊಂದಿಕೊಂಡ ಕಬಿನಿಯ ಭಾಗದಲ್ಲಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಇವು ಕೈಗೆ ಬರುವ ಮುನ್ನ ಎಂಜಿನ್ ಕೊಳ್ಳುವುದು ಜಾಣತನವಲ್ಲ.

ಎರಡನೆಯ ಹಂತ ತೆರಿಗೆಯದು. ಪೆಟ್ರೋಲ್ ಮತ್ತು ಡೀಸೆಲ್ ಮೇಲೆ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಇನ್ನೂ ಜಾರಿಯಾಗಿಲ್ಲ. ಅವುಗಳ ಮೇಲೆ ಕೇಂದ್ರವು ಲೀಟರಿಗೆ ಇಷ್ಟೆಂಬಂತೆ ಅಬಕಾರಿ ಸುಂಕವನ್ನೂ, ರಾಜ್ಯವು ಆ ಸುಂಕವೂ ಸೇರಿದ ಬೆಲೆಯ ಮೇಲೆ ಶೇಕಡಾವಾರು ಮಾರಾಟ ತೆರಿಗೆಯನ್ನೂ ವಿಧಿಸುವುದರಿಂದ ತೆರಿಗೆಯ ಮೇಲೆ ತೆರಿಗೆ ಬೀಳುತ್ತದೆ. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2025ರ ಏಪ್ರಿಲ್ 1ರಂದು ಶೇ 21.17ಕ್ಕೆ ಏರಿತು, ಪೆಟ್ರೋಲ್‌ನದು 2024ರ ಜೂನ್‌ನಲ್ಲೇ ಶೇ 29.84 ಆಗಿತ್ತು. ಕೇಂದ್ರದ ಸುಂಕದೊಳಗೆ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಕೂಡ ಅಡಗಿದ್ದು, ಜನ್ಮದಲ್ಲಿ ಡಾಂಬರು ಮುಟ್ಟದ ದೋಣಿಯೂ ಅದನ್ನು ತೆರುತ್ತದೆ. ಅಮೆರಿಕದಲ್ಲಿ ಯಂತ್ರದೋಣಿಗಳ ಇಂಧನ ತೆರಿಗೆಯನ್ನು ಮೀನು ಸಂರಕ್ಷಣೆ ಮತ್ತು ದೋಣಿ ಸುರಕ್ಷತೆಯ ನಿಧಿಗೆ ತಿರುಗಿಸುವ ಪದ್ಧತಿಯಿದೆ. ಇಲ್ಲಿ ಅಂಥ ಏರ್ಪಾಡಿಲ್ಲ. ಅಗ್ಗದ ಆಸೆಗೆ ಗಡಿ ದಾಟುವುದೂ ವ್ಯರ್ಥ, ಏಕೆಂದರೆ 2025ರ ಏರಿಕೆಯ ನಂತರವೂ ಕೇರಳದ ಡೀಸೆಲ್ ಕರ್ನಾಟಕದ್ದಕ್ಕಿಂತ ದುಬಾರಿಯಾಗಿತ್ತು.

ಕರಾವಳಿಯ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳಿಗೆ ರಾಜ್ಯ ಸರ್ಕಾರ ಕರರಹಿತ ಡೀಸೆಲ್ ಒದಗಿಸುತ್ತದೆ, ಮತ್ತು 2023ರ ಬಜೆಟ್ಟಿನಲ್ಲಿ ಅದರ ವಾರ್ಷಿಕ ಮಿತಿಯನ್ನು 1.5 ಲಕ್ಷ ಕಿಲೋಲೀಟರ್‌ಗಳಿಂದ 2 ಲಕ್ಷ ಕಿಲೋಲೀಟರ್‌ಗಳಿಗೆ ಹೆಚ್ಚಿಸಲಾಯಿತು. ಈ ರಿಯಾಯಿತಿ ಮೀನುಗಾರರ ಜೀವನೋಪಾಯಕ್ಕೆ ಸಂಬಂಧಿಸಿದ್ದು. ವಿಹಾರ ದೋಣಿಗೆ ಅದರಲ್ಲಿ ಪಾಲಿಲ್ಲ, ಮಲ್ಪೆ ಅಥವಾ ಮಂಗಳೂರಿನಿಂದ ಪರಿಚಯದ ಮೇಲೆ ತರಿಸಿಕೊಳ್ಳುವ ಯೋಚನೆಯೂ ಸಲ್ಲದು. ಬ್ರಿಟನ್‌ನಲ್ಲಿ ಕಡಿಮೆ ಸುಂಕದ ಡೀಸೆಲ್‌ಗೆ ಕೆಂಪು ಬಣ್ಣ ಬೆರೆಸಿ ಗುರುತಿಸುತ್ತಾರೆ. ಖಾಸಗಿ ದೋಣಿಗಳು ಅದನ್ನು ಚಾಲನೆಗೆ ಬಳಸಿದರೆ ಪೂರ್ಣ ಸುಂಕವನ್ನೇ ಕಟ್ಟಬೇಕು, ಉತ್ತರ ಐರ್ಲೆಂಡಿನಲ್ಲಂತೂ 2021ರ ಅಕ್ಟೋಬರ್‌ನಿಂದ ಅಂಥ ಬಳಕೆಗೆ ಅವಕಾಶವೇ ಇಲ್ಲ.

ಇನ್ನು ಎಂಜಿನ್ನಿನ ಆಯ್ಕೆ. ದೋಣಿಯ ಹಿಂಬದಿಗೆ ತೂಗುಹಾಕುವ ಸಣ್ಣ ಔಟ್‌ಬೋರ್ಡ್ ಎಂಜಿನ್‌ಗಳು ಬಹುಪಾಲು ಪೆಟ್ರೋಲಿನವೇ ಆಗಿರುವುದರಿಂದ ನಾಲ್ಕೈದು ಜನರ ದೋಣಿಗೆ ಡೀಸೆಲ್‌ನ ಮಾತು ಹೆಚ್ಚಾಗಿ ಬರುವುದಿಲ್ಲ. ಒಡಲೊಳಗೆ ಕೂರುವ ಇನ್‌ಬೋರ್ಡ್ ಎಂಜಿನ್ನಿನ ದೊಡ್ಡ ದೋಣಿ ದಿನವೂ ಓಡುವುದಾದರೆ ಮಾತ್ರ ಡೀಸೆಲ್‌ನ ಭಾರ ಮತ್ತು ಆರಂಭಿಕ ವೆಚ್ಚಕ್ಕೆ ಅರ್ಥವಿದೆ. ಎರಡೂ ಇಂಧನಗಳ ಶತ್ರು ಒಂದೇ, ನೀರು. ಆದರೆ ಮದ್ದು ಬೇರೆ ಬೇರೆ. ಅರ್ಧ ಖಾಲಿಯಾದ ಡೀಸೆಲ್ ಟ್ಯಾಂಕಿನ ಗೋಡೆಯ ಮೇಲೆ ತೇವ ಕಟ್ಟಿ ತಳಕ್ಕಿಳಿದು, ಆ ನೀರಿನಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುವುದರಿಂದ, ಮಳೆಗಾಲಕ್ಕೆ ದೋಣಿ ನಿಲ್ಲಿಸುವಾಗ ಟ್ಯಾಂಕನ್ನು ಬಹುತೇಕ ತುಂಬಿಸಿಡಬೇಕು. ಶೇ 20ರವರೆಗೆ ಎಥನಾಲ್ ಬೆರೆತ ಈಗಿನ ಪೆಟ್ರೋಲ್ ತೇವವನ್ನು ಹೀರಿ, ಅದು ಮಿತಿಮೀರಿದಾಗ ಪದರವಾಗಿ ಬೇರ್ಪಟ್ಟು, ನೀರು ಮತ್ತು ಎಥನಾಲ್‌ನ ಮಿಶ್ರಣ ತಳ ಸೇರುವುದರಿಂದ, ಆ ಟ್ಯಾಂಕನ್ನು ಖಾಲಿ ಮಾಡಿಡುವುದೇ ಕ್ಷೇಮ. ಹಳೆಯ ರಬ್ಬರ್ ಕೊಳವೆಗಳಿಗೂ ಎಥನಾಲ್ ಒಗ್ಗದು.

ದಾಸ್ತಾನಿಗೆ 1934ರ ಪೆಟ್ರೋಲಿಯಂ ಕಾಯ್ದೆಯೇ ಅಳತೆಗೋಲು. ಯಾವ ಪಾತ್ರೆಯೂ 1,000 ಲೀಟರ್ ಮೀರದಿದ್ದರೆ ಒಟ್ಟು 2,500 ಲೀಟರ್‌ವರೆಗೆ ಡೀಸೆಲನ್ನು ಪರವಾನಗಿಯಿಲ್ಲದೆ ಇಡಬಹುದು. ಮಾರಾಟಕ್ಕಲ್ಲದ ಪೆಟ್ರೋಲಿಗೆ ಈ ಮಿತಿ ಬರೀ 30 ಲೀಟರ್.

ದೋಣಿಯನ್ನು ಬಾಡಿಗೆಗೆ ಬಿಡುವವರು, ಪ್ರಯಾಣಿಕ ಸಾಗಣೆಗೆ ಬಳಸುವ ದೋಣಿಯ ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಮುಂದೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಮೊತ್ತವಾಗಿ, ಪಡೆಯಲು ಸಾಧ್ಯವಿದೆಯೇ ಎಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸಬೇಕು. ಸ್ವಂತ ಮೋಜಿನ ದೋಣಿಗೆ ಆ ಜಮೆ ಇಲ್ಲ, ಡೀಸೆಲ್ ಮೇಲಿನ ತೆರಿಗೆಗಂತೂ ಇಬ್ಬರಿಗೂ ಇಲ್ಲ.

ಇಂಧನ ತುಂಬಿಸುವ ಕೆಲಸ, ಸಾಧ್ಯವಾದಷ್ಟೂ, ದೋಣಿ ಟ್ರೇಲರಿನ ಮೇಲಿರುವಾಗ ದಡದಿಂದ ದೂರದಲ್ಲಿ ಮುಗಿಯಬೇಕು, ಏಕೆಂದರೆ ಹೊಂಗಳ್ಳಿ, ಬೆಳಗೊಳ ಮತ್ತು ಬಿದರಗೋಡಿನ ಸ್ಥಾವರಗಳಿಂದ ಮೈಸೂರಿನ ನಲ್ಲಿಗಳಿಗೆ ಬರುವುದು ಇದೇ ಕಾವೇರಿ ಮತ್ತು ಕಬಿನಿ ನದಿಗಳ ನೀರು.