ಐವತ್ತರ ನಂತರ ಗಂಡಸಿನ ಮೌನ



ಹೆಂಗಸರ ಮುಟ್ಟು ನಿಲ್ಲುವ ಕಾಲದ ಬಗ್ಗೆ ಮನೆಗಳಲ್ಲಿ ಅಷ್ಟಿಷ್ಟು ಮಾತು ನಡೆಯುತ್ತದೆ. ವಯಸ್ಸಾಗುತ್ತಿರುವ ಗಂಡಸಿನ ದೇಹದಲ್ಲಾಗುವ ಬದಲಾವಣೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಪತಿ ತಾನು ಕೈಲಾಗದವನಾದೆ ಎಂದು ಕೊರಗುತ್ತಾನೆ. ತನ್ನ ಮೇಲಿನ ಪ್ರೀತಿ ಕಡಿಮೆಯಾಯಿತೇ ಎಂದು ಪತ್ನಿ ಒಳಗೊಳಗೇ ನೋಯುತ್ತಾಳೆ. ಈ ವಾರ ಆ ಮಾತನ್ನು ಆಡೋಣ.

ದೇಹದಲ್ಲಿ ಆಗುವುದೇನು?

ಗಂಡಸಿನ ಮುಖ್ಯ ಹಾರ್ಮೋನು ಟೆಸ್ಟೋಸ್ಟಿರಾನ್. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಆಜ್ಞೆಯಂತೆ ವೃಷಣಗಳು ಇದನ್ನು ತಯಾರಿಸುತ್ತವೆ. ಲೈಂಗಿಕ ಆಸಕ್ತಿಗೆ ಮಾತ್ರವಲ್ಲ, ಸ್ನಾಯು ಮತ್ತು ಎಲುಬಿನ ಬಲಕ್ಕೂ ಇದು ಬೇಕು. ಇದರ ಉತ್ಪತ್ತಿ ಥಟ್ಟನೆ ನಿಲ್ಲುವುದಿಲ್ಲ. ನಡುವಯಸ್ಸಿನಿಂದ ವರ್ಷಕ್ಕೆ ಸುಮಾರು ಶೇಕಡಾ 1ರಂತೆ ಇಳಿಯುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಅತಿಯಾದ ಕುಡಿತ, ನಿದ್ರೆಗೇಡು ಇದನ್ನು ಮತ್ತಷ್ಟು ಇಳಿಸುತ್ತವೆ.

ಎಲ್ಲವೂ ಹಾರ್ಮೋನಿನ ದೋಷವೇ?

ಅಲ್ಲ. ನಿಮಿರುವಿಕೆಯ ತೊಂದರೆಗೆ ಹೆಚ್ಚಾಗಿ ಕಾರಣ ರಕ್ತನಾಳಗಳು. ಜನನಾಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಪೂರ. ಆದ್ದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ತಂಬಾಕು ಮಾಡುವ ಹಾನಿ ಅಲ್ಲಿ ಮೊದಲು ಕಾಣಿಸುತ್ತದೆ. ಎದೆನೋವು ಬರುವುದಕ್ಕೆ ಕೆಲವು ವರ್ಷಗಳ ಮೊದಲೇ ದೇಹ ಹೀಗೆ ಎಚ್ಚರಿಕೆ ಕೊಡಬಹುದು. ನಾಚಿಕೆಯಿಂದ ಮುಚ್ಚಿಟ್ಟರೆ ಆ ಎಚ್ಚರಿಕೆ ವ್ಯರ್ಥವಾಗುತ್ತದೆ. ನೀವೊಬ್ಬರೇ ಹೀಗೆ ಎಂದುಕೊಳ್ಳಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಪುರುಷರ ಬಗ್ಗೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಈ ತೊಂದರೆ ಅಲ್ಪಸ್ವಲ್ಪವಾದರೂ ಇತ್ತು.

ಕಳೆದ ಯೌವನದ ಮಾರಾಟ

1889ರಲ್ಲಿ ಪ್ಯಾರಿಸಿನಲ್ಲಿ ಬ್ರೌನ್ ಸೆಕಾರ್ ಎಂಬ 72 ವರ್ಷದ ಹೆಸರಾಂತ ವಿಜ್ಞಾನಿ, ಪ್ರಾಣಿಗಳ ವೃಷಣದ ರಸವನ್ನು ಚುಚ್ಚಿಕೊಂಡು ತನಗೆ ಶಕ್ತಿ ಮರಳಿತೆಂದು ಸಾರಿದರು. ಆ ರಸದಲ್ಲಿ ಹಾರ್ಮೋನು ಇದ್ದದ್ದು ತೀರಾ ಅಲ್ಪ. ಕೆಲಸ ಮಾಡಿದ್ದು ಅವರ ನಂಬಿಕೆ. ಇಂದು ಬಸ್ ನಿಲ್ದಾಣದ ಗೋಡೆಯ ಜಾಹೀರಾತುಗಳೂ ರಸ್ತೆಬದಿಯ ಗುಡಾರದ ಲೇಹ್ಯಗಳೂ ಮಾರುವುದು ಅದೇ ನಂಬಿಕೆಯನ್ನು.

ನೀವು ಮಾಡಬೇಕಾದದ್ದು

ವೈದ್ಯರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ. ಸಕ್ಕರೆ, ರಕ್ತದೊತ್ತಡ, ಕೊಬ್ಬಿನಂಶ ಪರೀಕ್ಷಿಸಿಕೊಳ್ಳಿ. ಹಾರ್ಮೋನಿನ ರಕ್ತಪರೀಕ್ಷೆಯನ್ನು ಬೆಳಗಿನ ಹೊತ್ತು ಮಾಡಿಸಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಹಾರ್ಮೋನು ಚಿಕಿತ್ಸೆ ಎಲ್ಲರಿಗೂ ಅಲ್ಲ. ಅದರಿಂದ ರಕ್ತ ಗಟ್ಟಿಯಾಗಬಹುದು, ಪ್ರಾಸ್ಟೇಟ್ ಗ್ರಂಥಿಯ ಮೇಲೂ ಕಣ್ಣಿಡಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಈ ತೊಂದರೆ ಬರಬಹುದು, ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ. 1998ರಿಂದ ಬಳಕೆಯಲ್ಲಿರುವ ಸಿಲ್ಡೆನಾಫಿಲ್ ಮಾತ್ರೆ ಅನೇಕರಿಗೆ ಉಪಯುಕ್ತ. ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ಬಳಸುವವರು ಅದನ್ನು ಸೇವಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾದೀತು. ದಿನವೂ ನಡೆಯಿರಿ, ತೂಕ ಇಳಿಸಿ, ತಂಬಾಕು ಬಿಡಿ.

ಅದಕ್ಕೂ ಮೊದಲು ನಿಮ್ಮ ಪತ್ನಿಯೊಂದಿಗೆ ಮಾತನಾಡಿ. ಪತ್ನಿಯರೇ, ನೀವೂ ಹಂಗಿಸದೆ ಕೇಳಿಸಿಕೊಳ್ಳಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಬಲಿಪೀಠದ ಮುಂದೆ ಕೈಹಿಡಿದು ನೀವಿಬ್ಬರೂ ಕೊಟ್ಟ ಮಾತಿನಲ್ಲಿ ಕಾಯಿಲೆಯ ದಿನಗಳೂ ಸೇರಿದ್ದವಲ್ಲವೇ?