ಸಹೇಲ್‌ನಲ್ಲಿ ಅಲ್ ಕೈದಾ ಮತ್ತು ಐಎಸ್: ಮೊದಲ ಪಾಠ

ಮಾಲಿ, ಬುರ್ಕಿನಾ ಫಾಸೊ, ನೈಜರ್ ಎಂಬ ಹೆಸರುಗಳು ನಿಮಗೆ ಹೊಸದಾಗಿದ್ದರೆ ಸಂಕೋಚಪಡಬೇಡಿ. ಆಫ್ರಿಕಾದ ನಕ್ಷೆಯೊಂದನ್ನು ಎದುರಿಗಿಟ್ಟುಕೊಳ್ಳಿ. ಮೇಲ್ಭಾಗದಲ್ಲಿ ಸಹಾರಾ ಮರುಭೂಮಿ ಇದೆ. ಅದರ ದಕ್ಷಿಣದ ಅಂಚಿನಲ್ಲಿ, ಮರಳು ಮುಗಿದು ಹುಲ್ಲು ಶುರುವಾಗುವ ಕಡೆ, ಪಶ್ಚಿಮದಿಂದ ಪೂರ್ವಕ್ಕೆ ಹಬ್ಬಿರುವ ಒಣ ಸೀಮೆಯೇ ಸಹೇಲ್. ಈ ಮೂರು ದೇಶಗಳೂ ಅಲ್ಲಿವೆ. ಸುಮಾರು ಹತ್ತು ವರ್ಷಗಳಿಂದ ಅಲ್ ಕೈದಾಕ್ಕೆ ಸೇರಿದ ಒಂದು ಪಡೆ, ಇಸ್ಲಾಮಿಕ್ ಸ್ಟೇಟ್ ಅಥವಾ ಐಎಸ್‌ಗೆ ಸೇರಿದ ಇನ್ನೊಂದು ಪಡೆ ಅಲ್ಲಿ ಬೇರೂರಿವೆ. ಎರಡೂ ಸರ್ಕಾರದ ಸೇನೆಯೊಡನೆ ಕಾದಾಡುತ್ತವೆ, ತಮ್ಮತಮ್ಮಲ್ಲೂ ಬಡಿದಾಡುತ್ತವೆ. ಈ ಜಗಳ ಬರಿಯ ಸಿದ್ಧಾಂತದ ಜಗಳವೆಂದು ಹಲವರು ತಿಳಿಯುತ್ತಾರೆ. ನೆಲ, ನೀರು, ಹುಲ್ಲಿನ ವಿಚಾರ ತಿಳಿಯದೆ ಇದು ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ನಿಧಾನವಾಗಿ ಅಲ್ಲಿಗೇ ಹೋಗೋಣ.

ಮೊದಲು ಬಾಗಿಲು ತೆರೆದದ್ದು ಹೇಗೆಂದು ನೋಡಿ. 2011ರಲ್ಲಿ ಲಿಬಿಯಾದ ಗಡಾಫಿ ಆಡಳಿತ ಉರುಳಿತು. ಅವನ ಸೈನ್ಯದಲ್ಲಿದ್ದ ಟುವಾರೆಗ್ ಯೋಧರು ಬಂದೂಕುಗಳ ಸಮೇತ ಮಾಲಿಗೆ ಮರಳಿದರು. ಟುವಾರೆಗರು ಸಹಾರಾದ ಅಲೆಮಾರಿ ಜನ. ಉತ್ತರ ಮಾಲಿ ತಮಗೆ ಪ್ರತ್ಯೇಕ ದೇಶವಾಗಬೇಕೆಂಬುದು ಅವರಲ್ಲಿ ಕೆಲವರ ಹಳೆಯ ಬೇಡಿಕೆ. 2012ರ ಆರಂಭದಲ್ಲಿ ಅವರು ದಂಗೆ ಎದ್ದರು. ಮಾರ್ಚ್‌ನಲ್ಲಿ ರಾಜಧಾನಿ ಬಮಾಕೊದಲ್ಲಿ ಸೈನಿಕರೇ ಸರ್ಕಾರವನ್ನು ಕಿತ್ತೊಗೆದರು. ಆ ಗೊಂದಲದಲ್ಲಿ ಕಿದಾಲ್, ಗಾವೊ, ಟಿಂಬಕ್ಟು ನಗರಗಳು ಒಂದರ ಹಿಂದೊಂದು ಬಿದ್ದವು. ಆದರೆ ಗೆಲುವು ದಂಗೆಕೋರರ ಕೈಯಲ್ಲಿ ಉಳಿಯಲಿಲ್ಲ. ಅಲ್ಜೀರಿಯಾದ ಅಂತರ್ಯುದ್ಧದಲ್ಲಿ ಹುಟ್ಟಿ, 2007ರಲ್ಲಿ ಅಲ್ ಕೈದಾದ ಹೆಸರು ಧರಿಸಿದ್ದ ಪಡೆ ಆಗಲೇ ಮರುಭೂಮಿಯಲ್ಲಿ ನೆಲೆಯೂರಿತ್ತು. ಅದೂ ಅದರ ಸಂಗಾತಿಗಳೂ ಕೆಲವೇ ತಿಂಗಳಲ್ಲಿ ಪ್ರತ್ಯೇಕತಾವಾದಿಗಳನ್ನು ಹೊರದಬ್ಬಿ, ಟಿಂಬಕ್ಟುವಿನ ಸೂಫಿ ಸಂತರ ಗೋರಿಗಳನ್ನು ಕೆಡವಿದವು. 2013ರ ಜನವರಿಯಲ್ಲಿ ಫ್ರೆಂಚ್ ಸೇನೆ ಬಂದು ನಗರಗಳನ್ನು ಬಿಡಿಸಿಕೊಂಡಿತು. ಉಗ್ರರು ಹಳ್ಳಿಗಳತ್ತ ಸರಿದರು.

ಈಗ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. 2017ರ ಮಾರ್ಚ್‌ನಲ್ಲಿ ಅಲ್ ಕೈದಾದ ಕಡೆಯ ನಾಲ್ಕು ಗುಂಪುಗಳು ಒಂದಾಗಿ ಜೆಎನ್‌ಐಎಂ ಎಂಬ ಒಕ್ಕೂಟ ಕಟ್ಟಿದವು. ನಾಯಕ ಇಯಾದ್ ಅಗ್ ಘಾಲಿ, ಹಳೆಯ ಟುವಾರೆಗ್ ಬಂಡಾಯಗಾರ. ಇನ್ನೊಂದು, ಇವತ್ತು ಐಎಸ್ ಸಹೇಲ್ ಎಂದು ಕರೆಸಿಕೊಳ್ಳುವ ಪಡೆ. 2015ರ ಮೇ ತಿಂಗಳಲ್ಲಿ ಅದ್ನಾನ್ ಅಬು ವಲೀದ್ ಅಲ್ ಸಹ್ರಾವಿ ಎಂಬಾತ ಅಲ್ ಕೈದಾದ ನಂಟು ಕಡಿದುಕೊಂಡು ಐಎಸ್ ಮುಖಂಡನಿಗೆ ‘ಬೈಅತ್’ ಮಾಡಿದ. ಬೈಅತ್ ಎಂದರೆ ನಿಷ್ಠೆಯ ಪ್ರತಿಜ್ಞೆ. ಅಲ್ಲಿಗೆ ಒಂದೇ ಬುಡದ ಎರಡು ಕವಲುಗಳಾದವು. ಸಿರಿಯಾದಲ್ಲಿ ಈ ಎರಡು ಬಣಗಳು ಕತ್ತಿ ಮಸೆಯುತ್ತಿದ್ದಾಗಲೂ ಸಹೇಲ್‌ನಲ್ಲಿ 2019ರವರೆಗೆ ಹೆಚ್ಚುಕಡಿಮೆ ಹೊಂದಿಕೊಂಡೇ ಇದ್ದವು. ಹಳೆಯ ಪರಿಚಯ, ನೆಂಟಸ್ತಿಕೆ, ಸಮಾನ ಶತ್ರು ಅವರನ್ನು ಒಟ್ಟಿಗೆ ಇಟ್ಟಿದ್ದವು. ಮುರಿದದ್ದು ಎಲ್ಲಿ ಎಂದು ತಿಳಿಯಲು ಮಧ್ಯ ಮಾಲಿಗೆ ಬನ್ನಿ.

ಅಲ್ಲಿ ನೈಜರ್ ನದಿ ಸಮುದ್ರ ಸೇರುವ ಮೊದಲೇ, ಒಳನಾಡಿನಲ್ಲೇ, ನೂರಾರು ಕವಲಾಗಿ ಹರಡಿಕೊಳ್ಳುತ್ತದೆ. ಮಳೆಗಾಲದ ನೆರೆ ಬಂದಾಗ ಬಯಲೆಲ್ಲ ನೀರು. ಆ ನೀರಿನಲ್ಲಿ ಬುರ್ಗು ಎಂಬ ಉದ್ದನೆಯ ಹುಲ್ಲು ತೇಲುತ್ತಾ ಬೆಳೆಯುತ್ತದೆ. ನೀರು ಇಳಿದ ಮೇಲೆ, ಸುತ್ತಲ ನೆಲ ಒಣಗಿ ಬಿರುಕುಬಿಟ್ಟಿರುವಾಗ, ದನಗಳಿಗೆ ಇದೊಂದೇ ಹಸಿ ಮೇವು. ಫುಲಾನಿ ದನಗಾಹಿಗಳು ಮಳೆಗಾಲದ ದೂರದ ಮೇವಿನ ಬಯಲುಗಳಿಂದ ಹಿಂದಿರುಗಿ, ಡಿಯಾಫರಾಬೆ ಊರಿನಲ್ಲಿ ಮಂದೆಗಳನ್ನು ನದಿಗೆ ಇಳಿಸಿ ಈಜಿಸಿಕೊಂಡು ದಾಟಿಸುತ್ತಾರೆ. ಯಾವ ಮಂದೆ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಕಟ್ಟುಪಾಡು ಉಂಟು. ದಾಟುವ ಆ ಹಬ್ಬವನ್ನು ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಗುರುತಿಸಿದೆ. ಕಟ್ಟುಪಾಡಿನ ಮೂಲ 1818ರ ಸುಮಾರಿಗೆ ಸೆಕು ಅಮಾದು ಸ್ಥಾಪಿಸಿದ ಮಾಸಿನಾ ರಾಜ್ಯದಲ್ಲಿದೆ. ಹುಲ್ಲುಗಾವಲಿನ ಯಜಮಾನರಿಗೆ ಜೋವ್ರೊ ಎಂದು ಹೆಸರು; ಹೊರಗಿನ ಮಂದೆಗಳಿಂದ ಮೇವಿನ ಸುಂಕ ವಸೂಲು ಮಾಡುವ ಹಕ್ಕು ಅವರದು.

ಉತ್ತರ ಕರ್ನಾಟಕದಲ್ಲಿ ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವುದನ್ನು ನೀವು ಕಂಡಿರಬಹುದು. ಫುಲಾನಿಗಳೂ ಅಲ್ಲಿನ ರೈತರೂ ಅಂಥದೇ ಒಪ್ಪಂದದಲ್ಲಿ ತಲೆಮಾರುಗಳ ಕಾಲ ಬಾಳಿದವರು. ಆದರೆ 1970 ಮತ್ತು 80ರ ದಶಕಗಳ ಬರಗಾಲದಲ್ಲಿ ದನಗಳು ಸಾಲುಸಾಲಾಗಿ ಸತ್ತವು. ಬುರ್ಗು ಬೆಳೆಯುತ್ತಿದ್ದ ನೆಲದ ಒಂದು ಭಾಗ ಭತ್ತದ ಗದ್ದೆಯಾಯಿತು. ಮೇವಿನ ಸುಂಕ ಏರುತ್ತ ಹೋಯಿತು. ವ್ಯಾಜ್ಯವನ್ನು ಕಚೇರಿಗೆ ಒಯ್ದರೆ ಅಲ್ಲಿ ಲಂಚ. ಬಡ ದನಗಾಹಿಯ ಮಾತು ಕೇಳುವವರಿಲ್ಲ.

ಅಮಾದು ಕುಫಾ ಎಂಬ ಧರ್ಮಬೋಧಕ ಇದೇ ಸಂಕಟವನ್ನು ಫುಲಾನಿಗಳ ಭಾಷೆಯಲ್ಲಿ, ಧ್ವನಿಮುದ್ರಿಕೆಗಳ ಮೂಲಕ ಹಳ್ಳಿಹಳ್ಳಿಗೆ ಮುಟ್ಟಿಸಿದ. 2015ರ ಹೊತ್ತಿಗೆ ಅವನ ಪಡೆ ‘ಕತೀಬಾ ಮಾಸಿನಾ’ ಬಂದೂಕು ಹಿಡಿಯಿತು; ಮುಂದೆ ಜೆಎನ್‌ಐಎಂ ಕಟ್ಟಿದ ನಾಲ್ಕು ಗುಂಪುಗಳಲ್ಲಿ ಇದೂ ಒಂದು. ಕತೀಬಾ ಎಂದರೆ ತುಕಡಿ. ಮಾಸಿನಾ ಆ ಹಳೆಯ ರಾಜ್ಯದ ನೆನಪು. ಈ ಪಡೆ ನ್ಯಾಯ ಹೇಳಿತು, ಕಳ್ಳರನ್ನು ಶಿಕ್ಷಿಸಿತು. ಜತೆಗೇ ಶಾಲೆಗಳನ್ನು ಮುಚ್ಚಿಸಿತು, ಎದುರಾಡಿದ ಊರ ಮುಖ್ಯಸ್ಥರನ್ನು ಕೊಂದಿತು. ಫುಲಾನಿಗಳೆಲ್ಲ ಉಗ್ರರೆಂಬ ಸಂಶಯ ಹಬ್ಬಿದಾಗ ಬೆಲೆ ತೆತ್ತವರು ಸಾಮಾನ್ಯ ಜನ. 2019ರ ಮಾರ್ಚ್‌ನಲ್ಲಿ ಒಗೊಸ್ಸಾಗು ಎಂಬ ಫುಲಾನಿ ಹಳ್ಳಿಯ ಮೇಲೆ ಸಶಸ್ತ್ರ ಗುಂಪು ದಾಳಿ ಮಾಡಿ 150ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಇಂಥ ಹತ್ಯೆಗಳ ಬಳಿಕ ರಕ್ಷಣೆ ಅರಸಿ, ಸೇಡಿಗಾಗಿ, ಉಗ್ರರನ್ನು ಸೇರುವ ಯುವಕರು ಹೆಚ್ಚಿದರು.

ಜೆಎನ್‌ಐಎಂ ಮತ್ತು ಐಎಸ್ ನಡುವೆ ಬಿರುಕು ಬಿಟ್ಟದ್ದೂ ಹುಲ್ಲಿನ ವಿಷಯದಲ್ಲೇ. ಬುರ್ಗು ಯಾರದ್ದು? ಎಲ್ಲರಿಗೂ ಮುಕ್ತವಾಗಬೇಕೆಂದು ಕುಫಾನ ಪಡೆಯಲ್ಲೇ ಕೆಲವರು ಕೇಳಿದರು. ಕುಫಾ ಜೋವ್ರೊಗಳ ಹಕ್ಕನ್ನು ಪೂರ್ತಿ ಕಿತ್ತುಹಾಕದೆ ಸುಂಕಕ್ಕೆ ಮಿತಿ ಹಾಕುವ ನಡುದಾರಿ ಹಿಡಿದ. ಅತೃಪ್ತರು ಐಎಸ್ ಕಡೆಗೆ ವಾಲಿದರು. ಅದರ ಜತೆಗೆ ಐಎಸ್‌ನ ಕೇಂದ್ರ ನಾಯಕತ್ವದ ಒತ್ತಡ, ತೆರಿಗೆ ಎತ್ತುವ ಪ್ರದೇಶಗಳ ಪೈಪೋಟಿಯೂ ಸೇರಿ, 2020ರಲ್ಲಿ ಎರಡು ಪಡೆಗಳು ಬಹಿರಂಗವಾಗಿಯೇ ಕಾದಾಡತೊಡಗಿದವು. ನದಿ ಕವಲಾಗುವ ಆ ಬುರ್ಗು ಸೀಮೆಯಿಂದ ಐಎಸ್ ಕಾಲ್ತೆಗೆಯಬೇಕಾಯಿತು. ಅದು ಪೂರ್ವಕ್ಕೆ, ನೈಜರ್ ದೇಶದ ಗಡಿಯತ್ತ ಬಲಗೊಂಡಿತು. 2022ರಿಂದ ಮಾಲಿಯ ಮೆನಾಕಾ ಪ್ರಾಂತದಲ್ಲಿ ಅದು ನಡೆಸಿದ ಹತ್ಯಾಕಾಂಡಗಳಲ್ಲಿ ನೂರಾರು ನಾಗರಿಕರು ಸತ್ತರು.

ರೀತಿಯಲ್ಲಿ ಎರಡೂ ಬೇರೆ. ಜೆಎನ್‌ಐಎಂ ಹಲವು ಕಡೆ ಹಳ್ಳಿಗಳೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ, ಒಪ್ಪದ ಊರಿಗೆ ದಿಗ್ಬಂಧನ ಹಾಕುತ್ತದೆ. ಐಎಸ್ ಅಂಥ ರಾಜಿಗೆ ಅಷ್ಟಾಗಿ ಇಳಿಯುವುದಿಲ್ಲ. ಹಾಗೆಂದು ಮೊದಲನೆಯದನ್ನು ಮೃದುವೆಂದು ಭಾವಿಸಬೇಡಿ. ಬುರ್ಕಿನಾದ ಜಿಬೊ ಪಟ್ಟಣದ ದಾರಿಗಳನ್ನು ಅದು 2022ರಿಂದ ಕಟ್ಟಿಹಾಕಿ ಜನರನ್ನು ಹಸಿವಿಗೆ ದೂಡಿತು.

ಅಷ್ಟರಲ್ಲಿ ಮಾಲಿ, ಬುರ್ಕಿನಾ, ನೈಜರ್ ಮೂರೂ ಕಡೆ 2020 ಮತ್ತು 2023ರ ನಡುವೆ ಸೇನೆ ಅಧಿಕಾರ ಹಿಡಿಯಿತು. ಫ್ರೆಂಚರು ಹೊರಟರು, ಮಾಲಿಗೆ ರಷ್ಯಾದ ವ್ಯಾಗ್ನರ್ ಪಡೆ ಬಂತು. 2022ರ ಮಾರ್ಚ್‌ನಲ್ಲಿ ಮೌರಾ ಗ್ರಾಮದಲ್ಲಿ ಮಾಲಿ ಸೈನಿಕರೂ ವಿದೇಶಿ ಹೋರಾಟಗಾರರೂ ಸೇರಿ ಕನಿಷ್ಠ 500 ಜನರನ್ನು ಕೊಂದರೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಮೌರಾ ಇರುವುದು ಅದೇ ಬುರ್ಗು ಸೀಮೆಯಲ್ಲಿ.

ಉಗ್ರರ ಹಬ್ಬುವಿಕೆ ಅಲ್ಲಿಗೆ ನಿಲ್ಲಲಿಲ್ಲ. ಬೆನಿನ್ ಮತ್ತು ಟೋಗೊ ದೇಶಗಳ ಉತ್ತರದ ಜಿಲ್ಲೆಗಳಲ್ಲಿ ಜೆಎನ್‌ಐಎಂ 2021ರ ಕೊನೆಯಿಂದ ದಾಳಿ ನಡೆಸುತ್ತಿದೆ. 2025ರ ಜುಲೈನಲ್ಲಿ ಮಾಲಿಯ ಪಶ್ಚಿಮದ ಕಾಯೆಸ್‌ನ ಸಿಮೆಂಟ್ ಕಾರ್ಖಾನೆಯಿಂದ ಮೂವರು ಭಾರತೀಯರ ಅಪಹರಣವಾಯಿತು. ಸೆಪ್ಟೆಂಬರ್‌ನಿಂದ ಜೆಎನ್‌ಐಎಂ ಇಂಧನದ ಟ್ಯಾಂಕರ್‌ಗಳನ್ನು ಹೆದ್ದಾರಿಯಲ್ಲೇ ತಡೆದು ಸುಡತೊಡಗಿತು. ಇಂಧನದ ಕೊರತೆಯಿಂದಾಗಿ ಅಕ್ಟೋಬರ್ ಕೊನೆಯಲ್ಲಿ ಮಾಲಿ ಸರ್ಕಾರ ದೇಶದ ಶಾಲೆಗಳನ್ನೆಲ್ಲ ಎರಡು ವಾರ ಮುಚ್ಚಿತು. ಹಳ್ಳಿಯ ದಾರಿಗಳನ್ನು ಕಟ್ಟಿಹಾಕುತ್ತಿದ್ದ ಪಡೆ ಈಗ ರಾಜಧಾನಿಯ ದಾರಿಯನ್ನೇ ಕಟ್ಟಲು ನೋಡುತ್ತಿತ್ತು.