ಹುಳುವಿನಿಂದ ಸೂರ್ಯನವರೆಗೆ: ತೂಕ ಬದಲಿಸುವ ಸೂತ್ರಗಳು

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕ, ಚಿಂತಾಮಣಿಯ ಚಿನ್ನದಂಗಡಿಯಲ್ಲಿ ಮಿಲಿಗ್ರಾಂ ಲೆಕ್ಕ, ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದಲ್ಲಿ ಸೂರ್ಯ ಹೊರಚೆಲ್ಲುವ ಕೋಟಿ ಕೋಟಿ ಟನ್‌ಗಳ ಲೆಕ್ಕ. ಎಲ್ಲವೂ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೊಳಗೇ. ಆದರೂ ಸೂತ್ರ ಚೆನ್ನಾಗಿ ಗೊತ್ತಿರುವ ಎಷ್ಟೋ ಮಕ್ಕಳು ಏಕಮಾನ ಬದಲಿಸುವಾಗ ಸೊನ್ನೆ ತಪ್ಪಿ ಅಂಕ ಕಳೆದುಕೊಳ್ಳುತ್ತಾರೆ. ಆ ನಷ್ಟ ಖಂಡಿತ ಬೇಡ.

1. ಮೊದಲು ಘಾತ, ಆಮೇಲೆ ಅಂಕಿ. ಮಿಲಿಗ್ರಾಂ ಎಂದರೆ 10⁻³ ಗ್ರಾಂ, ಕಿಲೋ 10³, ಕ್ವಿಂಟಲ್ 10⁵, ಟನ್ 10⁶. ಭೂಮಿ 6 × 10²⁷ ಗ್ರಾಂ, ಸೂರ್ಯ 2 × 10³³ ಗ್ರಾಂ. ಇವಿಷ್ಟು ಬಾಯಿಗೆ ಬರಲಿ. ಸಿಇಟಿ, ನೀಟ್ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ. ಘಾತಗಳನ್ನು ಕೂಡಿ ಕಳೆಯಲು ಅದು ಬೇಕಾಗಿಯೂ ಇಲ್ಲ.

2. ಲಕ್ಷ, ಕೋಟಿಗಳನ್ನು ಸೊನ್ನೆಯಾಗಿ ಬಿಡಿಸಿಕೊಳ್ಳಿ. ಲಕ್ಷಕ್ಕೆ 5, ಕೋಟಿಗೆ 7, ಲಕ್ಷ ಕೋಟಿಗೆ 12. ಮಿಲಿಯನ್‌ಗೆ 6, ಬಿಲಿಯನ್‌ಗೆ 9.

3. ಮನೆಯ ಹುಳುವಿನ ಮೇಲೆ ಕೈ ಪಳಗಿಸಿ. ಆಗಷ್ಟೇ ಮೊಟ್ಟೆಯೊಡೆದ ರೇಷ್ಮೆಹುಳು ಸುಮಾರು ಅರ್ಧ ಮಿಲಿಗ್ರಾಂ. ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಹಣ್ಣಾಗುವ ಹೊತ್ತಿಗೆ ನಾಲ್ಕೈದು ಗ್ರಾಂ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ತೂಕ ಹತ್ತು ಸಾವಿರ ಪಟ್ಟು, ಅಂದರೆ ಘಾತದಲ್ಲಿ ನಾಲ್ಕು ಮೆಟ್ಟಿಲು. ಹಿಪ್ಪುನೇರಳೆ ಸೊಪ್ಪು ಹಾಕುವ ಮನೆಯ ಮಕ್ಕಳು ಇದನ್ನು ಕಣ್ಣಾರೆ ಕಂಡಿರುತ್ತಾರೆ.

ಈಗ ಅದು ಕಟ್ಟಿದ ಬಿಳಿ ಗೂಡು 2 ಗ್ರಾಂ ಎಂದಿಟ್ಟುಕೊಳ್ಳಿ. ಸೂರ್ಯ 2 × 10³³ ಗ್ರಾಂ. ಭಾಗಿಸಿದರೆ 10³³ ಗೂಡು. ಒಂದು ಗೂಡು ಎಂದರೆ 10⁻³³ ಸೌರ ದ್ರವ್ಯರಾಶಿ. ಭೂಮಿಯ ತೂಕಕ್ಕೆ 3 × 10²⁷ ಗೂಡು ಸಾಕು. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ: ಸೂರ್ಯ ಭೂಮಿಗಿಂತ 3.33 ಲಕ್ಷ ಪಟ್ಟು ಭಾರ. ಪಠ್ಯಪುಸ್ತಕ ಹೇಳುವುದೂ ಅದನ್ನೇ.

4. 30 ಕಂಡರೆ ಕಿಲೋ, 33 ಕಂಡರೆ ಗ್ರಾಂ. ಶಾಲೆಯ ಪುಸ್ತಕದಲ್ಲಿ ಸೂರ್ಯನ ಘಾತ 30, ಖಗೋಳ ವಿಜ್ಞಾನಿಗಳ ಎಷ್ಟೋ ಲೇಖನಗಳಲ್ಲಿ 33. ಅವರು ಇಂದಿಗೂ ಗ್ರಾಂ ಬಿಟ್ಟಿಲ್ಲ. ಎರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಿದರೆ ಉತ್ತರ ಸಾವಿರ ಪಟ್ಟು ಕೆಡುತ್ತದೆ.

5. ಗೌರಿಬಿದನೂರಿನ ಲೆಕ್ಕವನ್ನು ಒಮ್ಮೆ ನೀವೇ ಮಾಡಿ. ಇಲ್ಲಿನ ವೀಕ್ಷಣಾಲಯ 1976ರಿಂದ ಕೆಲಸ ಮಾಡುತ್ತಿದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ರೇಡಿಯೊ ಹೀಲಿಯೋಗ್ರಾಫ್ 1997ರಿಂದ ಸೂರ್ಯನ ಹೊರ ವಾತಾವರಣವಾದ ಪ್ರಭಾವಲಯವನ್ನು ರೇಡಿಯೊ ಅಲೆಗಳಲ್ಲಿ ನೋಡುತ್ತಿದೆ. ಪ್ರಭಾವಲಯದಿಂದ ಸಿಡಿದು ಹೊರಟ ಅನಿಲರಾಶಿಯನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಅದರ ರೇಡಿಯೊ ಹೊಳಪಿನಿಂದ ಅಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂದು ಅಂದಾಜು ಮಾಡುತ್ತಾರೆ. ಪ್ರತಿ ಎಲೆಕ್ಟ್ರಾನ್‌ನ ಪಾಲಿಗೆ ಸುಮಾರು 2 × 10⁻²⁴ ಗ್ರಾಂ ದ್ರವ್ಯ. ಅದರಲ್ಲಿ ಎಲೆಕ್ಟ್ರಾನ್‌ನದು ಏನೇನೂ ಅಲ್ಲ. ಭಾರವೆಲ್ಲ ಜೊತೆಗಿರುವ ಪ್ರೋಟಾನ್ ಮತ್ತು ಹೀಲಿಯಂನದು.

5 × 10³⁸ ಎಲೆಕ್ಟ್ರಾನ್‌ಗಳಿದ್ದರೆ? ಗುಣಿಸಿ: 10¹⁵ ಗ್ರಾಂ. ಟನ್‌ಗೆ ಆರು ಸೊನ್ನೆ ಕಳೆದರೆ 10⁹, ಅಂದರೆ 100 ಕೋಟಿ ಟನ್. ಇಂಥ ಸಿಡಿತಗಳ ಸಾಮಾನ್ಯ ಗಾತ್ರವೇ ಅದು. ಸೂರ್ಯನಿಗೆ ಹೋಲಿಸಿದರೆ 5 × 10⁻¹⁹ ಪಾಲು. ಪ್ರೋಟಾನ್‌ನಿಂದ ಹೊರಟು ಸೂರ್ಯನನ್ನು ಮುಟ್ಟುವ ಈ ಲೆಕ್ಕಕ್ಕೆ ಮೂರೇ ಸಾಲು ಸಾಕು. ನನಗೆ ಇದಕ್ಕಿಂತ ಸೊಗಸಾದ ಅಭ್ಯಾಸ ಗೊತ್ತಿಲ್ಲ. ಶಾಲೆಗಳವರು ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಬೇಕು.

6. ಅಂಕಿಗಳನ್ನು ಉದ್ದ ಎಳೆಯಬೇಡಿ. ಸೂರ್ಯನ ದ್ರವ್ಯರಾಶಿಯನ್ನು ಕಿಲೋದಲ್ಲಿ ಹತ್ತು ಅಂಕಿ ಬರೆಯುವವರಿದ್ದಾರೆ. ಅದರಲ್ಲಿ ಮೊದಲ ನಾಲ್ಕೈದಕ್ಕಷ್ಟೇ ಬೆಲೆ. ಗ್ರಹಗಳ ಸುತ್ತಾಟ ನಮಗೆ ಕೊಡುವುದು ಗುರುತ್ವ ಸ್ಥಿರಾಂಕ ಮತ್ತು ಸೂರ್ಯನ ದ್ರವ್ಯರಾಶಿ, ಇವೆರಡರ ಗುಣಲಬ್ಧವನ್ನು ಮಾತ್ರ. ಆ ಗುಣಲಬ್ಧ ಬಹಳ ನಿಖರ. ಆದರೆ ಕ್ಯಾವೆಂಡಿಶ್ 1798ರಲ್ಲಿ ಸೀಸದ ಗುಂಡುಗಳಿಂದ ದಾರಿ ತೋರಿದ ಆ ಸ್ಥಿರಾಂಕವನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಇಂದಿಗೂ ಕಷ್ಟ. ಅದರ ಮಿತಿಯೇ ಕಿಲೋ ಲೆಕ್ಕದ ಮಿತಿ. ನಕ್ಷತ್ರಗಳನ್ನು ಸೂರ್ಯನ ಅಳತೆಯಲ್ಲೇ ಹೇಳುವುದಕ್ಕೆ ಇದೂ ಒಂದು ಬಲವಾದ ಕಾರಣ.

7. ವಸ್ತುವಿಗೆ ತಕ್ಕ ಏಕಮಾನ ಹಿಡಿಯಿರಿ. ದೊಡ್ಡ ಗ್ರಹಗಳಿಗೆ ಗುರು, ನಕ್ಷತ್ರಗಳಿಗೆ ಸೂರ್ಯ. ಒಬ್ಬ ಸೂರ್ಯನಿಗೆ ಸುಮಾರು 1,047 ಗುರುಗಳು. ಶ್ವೇತ ಕುಬ್ಜ ನಕ್ಷತ್ರಗಳ ಭಾರದ ಗರಿಷ್ಠ ಎಲ್ಲೆಯಾದ ಚಂದ್ರಶೇಖರ್ ಮಿತಿ 1.4 ಸೂರ್ಯ. ನಮ್ಮ ಗೆಲಾಕ್ಸಿಯ ನಡುವಿನ ಕಪ್ಪುಕುಳಿ 40 ಲಕ್ಷಕ್ಕೂ ಹೆಚ್ಚು ಸೂರ್ಯರಷ್ಟು.

8. ಬಂದ ಉತ್ತರವನ್ನು ಪ್ರಶ್ನಿಸಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತಶಾಸ್ತ್ರದ ಮೇಷ್ಟ್ರಾಗಿ ಬೆಳೆದ ಎಚ್. ನರಸಿಂಹಯ್ಯನವರು ಬದುಕಿಡೀ ಕಲಿಸಿದ್ದು ಪ್ರಶ್ನೆ ಕೇಳುವುದನ್ನೇ. ಉದಾಹರಣೆಗೆ, ಸೂರ್ಯ ಬೆಳಕು ಚೆಲ್ಲುತ್ತಾ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ಕಳೆದುಕೊಳ್ಳುತ್ತಾನೆ. ಹಾಗಾದರೆ ಬೇಗ ಕರಗಿಹೋಗುವುದಿಲ್ಲವೇ? ಲೆಕ್ಕ ಹಾಕಿ. 42 ಲಕ್ಷ ಟನ್ ಎಂದರೆ 4.2 × 10¹² ಗ್ರಾಂ. ವರ್ಷಕ್ಕೆ 3.15 × 10⁷ ಸೆಕೆಂಡು, ಹಾಗಾಗಿ ವರ್ಷದ ನಷ್ಟ 1.3 × 10²⁰ ಗ್ರಾಂ. ಸೂರ್ಯನಿಂದ ಭಾಗಿಸಿದರೆ 6.6 × 10⁻¹⁴. ಹುಟ್ಟಿ 460 ಕೋಟಿ ವರ್ಷವಾದ ಸೂರ್ಯ ಇದೇ ದರದಲ್ಲಿ ಕಳೆದುಕೊಂಡಿದ್ದರೂ ಈವರೆಗೆ ಹೋಗಿರುವುದು ಹತ್ತು ಸಾವಿರದಲ್ಲಿ ಮೂರು ಪಾಲು.